ಅಣ್ಣ ಬೀಡಿ ಬಿಟ್ಟ, ಅದೇ ಮಾತ್ರೆ ಜಾಸ್ತಿಯಾಯಿತು

ಪ್ರಶ್ನೆ: ನನ್ನ ಅಣ್ಣನಿಗೆ 36 ವರ್ಷ, ಸ್ಕಿಜೋಫ್ರೇನಿಯಾ ಇದೆ. ಬೇರೆ ಮಾತ್ರೆಗಳಲ್ಲಿ ಗುಣ ಕಾಣದೆ ಮೂರು ವರ್ಷದಿಂದ ಕ್ಲೋಜಪಿನ್ ದಿನಕ್ಕೆ 400 ಮಿ.ಗ್ರಾಂ ತೆಗೆದುಕೊಳ್ಳುತ್ತಿದ್ದಾನೆ. ಕಿವಿಯಲ್ಲಿ ಮಾತು ಕೇಳಿಸುವುದು ಹೆಚ್ಚುಕಡಿಮೆ ನಿಂತಿದೆ. ಅಮ್ಮ ಮನೆಯಲ್ಲಿ ಬೀಡಿ ಕಟ್ಟುತ್ತಾರೆ. ಅಣ್ಣ ದಿನಕ್ಕೆ ಒಂದು ಕಟ್ಟು ಸೇದುತ್ತಿದ್ದ. ಈ ಸಲ ಶಬರಿಮಲೆಗೆ ಮಾಲೆ ಹಾಕಿ ಬೀಡಿ ಪೂರ್ತಿ ಬಿಟ್ಟ, ನಮಗೆಲ್ಲ ಖುಷಿಯಾಗಿತ್ತು. ಆದರೆ ಹತ್ತು ಹನ್ನೆರಡು ದಿನದಲ್ಲಿ ಅವನು ಬೇರೆಯೇ ಆಗಿದ್ದಾನೆ. ಕೂತಲ್ಲೇ ನಿದ್ದೆ. ದಿಂಬು ಒದ್ದೆಯಾಗುವಷ್ಟು ಜೊಲ್ಲು. ಎದ್ದರೆ ತೂರಾಡುತ್ತಾನೆ. ಮೊನ್ನೆ ಕೈ ಫಕ್ಕನೆ ಜರ್ಕ್ ಹೊಡೆದು ಚಾದ ಗ್ಲಾಸ್ ಬಿತ್ತು. ನಾಲ್ಕು ದಿನದಿಂದ ಟಾಯ್ಲೆಟ್‌ಗೆ ಹೋಗಿಲ್ಲ. ವ್ರತದ ನಿಶ್ಶಕ್ತಿ ಅಂತ ನೆರೆಯವರು ಹೇಳುತ್ತಾರೆ. ಈ ಕಾಯಿಲೆಯವರು ಬೀಡಿ ಬಿಡಬಾರದು, ಬಿಟ್ಟರೆ ತಲೆ ಕೆಡುತ್ತದೆ ಅಂತ ಒಬ್ಬರು ಹೆದರಿಸಿದ್ದಾರೆ. ಮಲೆಗೆ ಕಳಿಸಬಹುದಾ? ಮತ್ತೆ ಬೀಡಿ ಕೊಟ್ಟರೆ ಸರಿಹೋಗುತ್ತದಾ?
— ಓದುಗರೊಬ್ಬರು, ಉಡುಪಿ ಜಿಲ್ಲೆ

ಉತ್ತರ: ಮೊದಲು ಇವತ್ತೇ ಮಾಡಬೇಕಾದ್ದು ಹೇಳುತ್ತೇನೆ, ವಿವರ ಆಮೇಲೆ. ಅಣ್ಣನಿಗೆ ಮಾತ್ರೆ ಬರೆದುಕೊಟ್ಟ ಡಾಕ್ಟರಿಗೆ ಫೋನ್ ಮಾಡಿ. "ಕ್ಲೋಜಪಿನ್ 400 ನಡೆಯುತ್ತಾ ಇದೆ, ಬೀಡಿ ಬಿಟ್ಟು ಹತ್ತು ಹನ್ನೆರಡು ದಿನ ಆಯಿತು, ತುಂಬಾ ನಿದ್ದೆ, ಕೈ ಜರ್ಕ್ ಹೊಡೆಯುತ್ತದೆ, ನಾಲ್ಕು ದಿನದಿಂದ ಹೊಟ್ಟೆ ಕಟ್ಟಿದೆ" ಅಂತ ಇದೇ ಮಾತಲ್ಲಿ ಹೇಳಿ. ಅವರು ಸಿಗದಿದ್ದರೆ ನಾಳೆಗೆ ಅಂತ ಇಡಬೇಡಿ, ಮನೋರೋಗ ವಿಭಾಗ ಇರುವ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಉಡುಪಿ, ಮಣಿಪಾಲ, ಮಂಗಳೂರಿನಲ್ಲಿ ಅದಕ್ಕೆ ಕೊರತೆ ಇಲ್ಲ. ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಿದ್ದರೆ, ಹೊಟ್ಟೆ ಉಬ್ಬಿ ನೋವು, ವಾಂತಿ ಶುರುವಾದರೆ ಫೋನ್ ಕೂಡ ಬೇಡ, ನೇರ ಎಮರ್ಜೆನ್ಸಿಗೆ ಹೋಗಿ. ಹಾಗಂತ ಹೆದರಿ ನೀವೇ ಮಾತ್ರೆ ಪೂರ್ತಿ ನಿಲ್ಲಿಸಬೇಡಿ. ಬೀಡಿಯನ್ನೂ ಕೊಡಬೇಡಿ.

ನೀವು ಬರೆದ ಲಕ್ಷಣಗಳು ವ್ರತದ ನಿಶ್ಶಕ್ತಿಯವಲ್ಲ. ಕಾಯಿಲೆ ಜೋರಾದ ಹಾಗೂ ಕಾಣುವುದಿಲ್ಲ. ಅಣ್ಣನ ರಕ್ತದಲ್ಲಿ ಕ್ಲೋಜಪಿನ್ ಏರಿದೆ ಅಂತಲೇ ನನ್ನ ಅಂದಾಜು. ನುಂಗುವ ಮಾತ್ರೆ ಅದೇ 400. ಆದರೆ ಬೀಡಿ ಸೇದುವ ಅಣ್ಣನಿಗೆ ಅದು ಸರಿಯಾದ ಡೋಸ್ ಆಗಿತ್ತು, ಸೇದದ ಅಣ್ಣನಿಗೆ ಜಾಸ್ತಿ.

ಇದು ಹೇಗೆ ಅಂದರೆ, ಕ್ಲೋಜಪಿನ್ ಹೊಟ್ಟೆಗೆ ಹೋದ ಮೇಲೆ ಅದನ್ನು ಒಡೆದು ಹೊರಹಾಕುವ ಕೆಲಸ ಲಿವರಿನದು. ಅಲ್ಲಿ ಸಿವೈಪಿ1ಎ2 ಅನ್ನುವ ಒಂದು ಕಿಣ್ವ ಈ ಕೆಲಸದ ದೊಡ್ಡ ಪಾಲು ಮಾಡುತ್ತದೆ. ಬೀಡಿ, ಸಿಗರೇಟು ಉರಿಯುವಾಗ ಹೊಗೆಯಲ್ಲಿ ಪಾಲಿಸೈಕ್ಲಿಕ್ ಆರೊಮ್ಯಾಟಿಕ್ ಹೈಡ್ರೋಕಾರ್ಬನ್ ಎಂಬ ವಸ್ತುಗಳು ಹುಟ್ಟುತ್ತವೆ. ಇವು ಒಳಗೆ ಹೋದರೆ ಲಿವರ್ ಆ ಕಿಣ್ವವನ್ನು ಜಾಸ್ತಿ ತಯಾರಿಸಲು ಶುರುಮಾಡುತ್ತದೆ. ಕಿಣ್ವ ಜಾಸ್ತಿಯಾದರೆ ಮಾತ್ರೆ ಬೇಗ ಖಾಲಿ. ಅದಕ್ಕೇ ಸೇದುವವರಿಗೆ ಡೋಸ್ ಹೆಚ್ಚು ಬೇಕಾಗುತ್ತದೆ. ಹೊಗೆ ನಿಂತರೆ ಹೆಚ್ಚುವರಿ ಕಿಣ್ವ ಸುಮಾರು ಒಂದೂವರೆ ದಿನಕ್ಕೆ ಅರ್ಧದಷ್ಟು ಇಳಿಯುತ್ತಾ ಹೋಗುತ್ತದೆ. ಒಂದು ವಾರದಲ್ಲಿ ಹೆಚ್ಚುಕಡಿಮೆ ಎಲ್ಲ ಮುಗಿಯಿತು. ಅಂಗಳದಲ್ಲಿ ಅಡಿಕೆ ಸುಲಿಯಲು ಹತ್ತು ಮಂದಿ ಕೂತಿದ್ದರು, ಗೋಣಿಯೂ ಹತ್ತು ಮಂದಿಯ ಲೆಕ್ಕದಲ್ಲೇ ಬರುತ್ತಿತ್ತು ಅಂದುಕೊಳ್ಳಿ. ವಾರದಲ್ಲಿ ಐದು ಮಂದಿ ಎದ್ದುಹೋದರು, ಗೋಣಿ ಮಾತ್ರ ಮೊದಲಿನಷ್ಟೇ ಬರುತ್ತಿದೆ. ಅಂಗಳ ತುಂಬದೆ ಏನಾಗುತ್ತದೆ?

ಬೀಡಿ ಬಿಟ್ಟವರ ರಕ್ತದಲ್ಲಿ ಕ್ಲೋಜಪಿನ್ ಮೊದಲಿಗಿಂತ ಒಂದೂವರೆ ಪಟ್ಟು ಆಗುವುದು ಸಾಮಾನ್ಯ. ಕೆಲವರಲ್ಲಿ ಎರಡು ಪಟ್ಟೂ ಆಗುತ್ತದೆ. ಜೊಲ್ಲು, ನಿದ್ದೆ, ತಲೆಸುತ್ತು ಅದರ ಮೊದಲ ಗುರುತು. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಚಿಂತೆ ತಂದದ್ದು ಎರಡು ಸಂಗತಿ. ಒಂದು, ಕೈ ಜರ್ಕ್. ಕ್ಲೋಜಪಿನ್ ಪ್ರಮಾಣ ಏರಿದ ಹಾಗೆ ಫಿಟ್ಸ್ ಬರುವ ಸಾಧ್ಯತೆಯೂ ಏರುತ್ತದೆ, ಹೀಗೆ ಕೈಕಾಲು ಎಗರುವುದು ಅದರ ಮುನ್ಸೂಚನೆ ಆಗಿರಬಹುದು. ಇನ್ನೊಂದು, ಮಲಬದ್ಧತೆ. ನೆಗಡಿಯ ಹಾಗೆ ಇದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆದರೆ ಈ ಮಾತ್ರೆ ಕರುಳಿನ ಚಲನೆಯನ್ನೇ ನಿಧಾನ ಮಾಡುತ್ತದೆ. ಕರುಳು ಪೂರ್ತಿ ನಿಂತು ಪ್ರಾಣಕ್ಕೆ ಬಂದ ಸಂದರ್ಭಗಳಿವೆ. ಕ್ಲೋಜಪಿನ್ ತೆಗೆದುಕೊಳ್ಳುವವರಲ್ಲಿ ನಾಲ್ಕು ದಿನ ಅಂದರೆ ಬಾಳೆಹಣ್ಣು ತಿನ್ನಿಸಿ ಕಾಯುವ ವಿಷಯ ಅಲ್ಲ ಮಾರಾಯ್ರೆ.

"ನಾವು ತಿಂಗಳು ತಿಂಗಳು ರಕ್ತ ಪರೀಕ್ಷೆ ಮಾಡಿಸ್ತೇವಲ್ಲ, ಅದರಲ್ಲಿ ಎಲ್ಲ ನಾರ್ಮಲ್ ಬಂದಿತ್ತು" ಅಂತ ಬಹಳ ಮನೆಯವರು ಹೇಳುತ್ತಾರೆ. ಆ ಪರೀಕ್ಷೆ ಬಿಳಿ ರಕ್ತಕಣಗಳ ಎಣಿಕೆಗೆ ಮಾತ್ರ. ಕ್ಲೋಜಪಿನ್ ಅಪರೂಪಕ್ಕೆ ಆ ಕಣಗಳನ್ನು ಇಳಿಸುತ್ತದೆ, ಅದನ್ನು ಹಿಡಿಯಲು ಅದು ಬೇಕೇ ಬೇಕು. ರಕ್ತದಲ್ಲಿ ಮಾತ್ರೆ ಎಷ್ಟಿದೆ ಅನ್ನುವುದು ಅದರಲ್ಲಿ ಕಾಣುವುದಿಲ್ಲ. ಅದಕ್ಕೆ ಕ್ಲೋಜಪಿನ್ ಲೆವೆಲ್ ಅಂತ ಬೇರೆಯೇ ಪರೀಕ್ಷೆ ಇದೆ. ರಾತ್ರಿ ಮಾತ್ರೆ ನುಂಗಿ ಸುಮಾರು 12 ಗಂಟೆ ಆದ ಮೇಲೆ, ಬೆಳಗಿನ ಮಾತ್ರೆಗೆ ಮೊದಲು ರಕ್ತ ಕೊಡಬೇಕು. ಮಿಲಿಲೀಟರಿಗೆ 350 ನ್ಯಾನೋಗ್ರಾಂ ದಾಟಿದರೆ ಸಾಮಾನ್ಯವಾಗಿ ಮಾತ್ರೆ ಕೆಲಸ ಮಾಡುತ್ತದೆ. 600ರಿಂದ ಮೇಲೆ ಹೋದ ಹಾಗೆ ತೊಂದರೆ ಹೆಚ್ಚು. ಈ ಪರೀಕ್ಷೆಯನ್ನು ಎಲ್ಲ ಲ್ಯಾಬಿನವರು ತಾವೇ ಮಾಡುವುದಿಲ್ಲ. ಸ್ಯಾಂಪಲ್ ಹೊರಗೆ ಕಳಿಸಿದರೆ ರಿಪೋರ್ಟ್ ಬರುವುದು ತಡ. ಹಾಗಾಗಿ ಅಣ್ಣನ ಸ್ಥಿತಿ ನೋಡಿ ಡಾಕ್ಟರ್ ರಿಪೋರ್ಟಿಗೆ ಕಾಯದೆ ಡೋಸ್ ಇಳಿಸಬಹುದು. ಬೀಡಿ ಬಿಟ್ಟ ಮೊದಲ ವಾರದಲ್ಲಿ ಸುಮಾರು ಕಾಲು ಭಾಗ ಇಳಿಸಿ, ಆಮೇಲೆ ಲೆವೆಲ್ ನೋಡಿ ಮುಂದಿನದ್ದು ತೀರ್ಮಾನಿಸುವುದು ಸಾಮಾನ್ಯ ಪದ್ಧತಿ. ಇದನ್ನು ಓದಿ ನೀವೇ ಸ್ಟ್ರಿಪ್‌ನಿಂದ ಒಂದು ಮಾತ್ರೆ ಕಮ್ಮಿ ಮಾಡಿ ಸುಮ್ನೆ ಕೂರಬೇಡಿ. ನಿಮ್ಮ ಅಣ್ಣನ ವಿಷಯದಲ್ಲಿ ಈಗಾಗಲೇ ಲಕ್ಷಣ ಕಾಣಿಸಿಕೊಂಡಿದೆ, ಯಾರಾದರೂ ಪರೀಕ್ಷೆ ಮಾಡಿಯೇ ನೋಡಬೇಕು.

ಈ ಕಾಯಿಲೆಗೆ ಕೊಡುವ ಎಲ್ಲ ಮಾತ್ರೆಗೂ ಈ ಕಥೆ ಇಲ್ಲ. ಒಲಾಂಜಪಿನ್‌ಗೆ ಇದೆ, ಕ್ಲೋಜಪಿನ್‌ನಷ್ಟು ಜೋರಲ್ಲ. ಹ್ಯಾಲೊಪೆರಿಡಾಲ್, ಕ್ಲೋರ್‌ಪ್ರೊಮಜಿನ್‌ಗೆ ಸ್ವಲ್ಪ. ರಿಸ್ಪೆರಿಡೋನ್, ಅರಿಪಿಪ್ರಜೋಲ್, ಕ್ವೆಟಿಯಾಪಿನ್, ಅಮಿಸಲ್‌ಪ್ರೈಡ್ ದೇಹದಿಂದ ಹೊರಹೋಗುವ ದಾರಿಯೇ ಬೇರೆ. ಅವನ್ನು ತೆಗೆದುಕೊಳ್ಳುವವರು ಬೀಡಿ ಬಿಟ್ಟರೆ ಮಾತ್ರೆಯ ಲೆಕ್ಕ ಹೆಚ್ಚೇನೂ ಬದಲಾಗುವುದಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ, ಮೆಡಿಕಲ್ ಅಂಗಡಿಯವರಿಗೂ ಇರುವುದುಂಟು. ಕಿಣ್ವವನ್ನು ಎಬ್ಬಿಸುವುದು ಹೊಗೆ, ನಿಕೋಟಿನ್ ಅಲ್ಲ. "ನಿಕೋಟಿನ್ ಗಮ್ ಅಗಿಯುತ್ತಾನಲ್ಲ, ಹಾಗಾದರೆ ಮಾತ್ರೆ ಹಳೆಯಷ್ಟೇ ಇರಲಿ" ಅನ್ನುವ ಲೆಕ್ಕ ಸರಿಯಲ್ಲ. ಗಮ್ಮು ಚಟದ ಹಸಿವನ್ನು ತಣಿಸುತ್ತದೆ, ಲಿವರಿಗೆ ಅದರ ಸುದ್ದಿಯೇ ಇಲ್ಲ. ಹೊಗೆಸೊಪ್ಪು, ನಶ್ಯ, ಗುಟ್ಕಾ ಕೂಡ ಹಾಗೆಯೇ. ಬೀಡಿ ಬಿಟ್ಟು ಎಲೆಅಡಿಕೆಗೆ ಹೊಗೆಸೊಪ್ಪು ಹಾಕಿಕೊಳ್ಳಲು ಶುರುಮಾಡಿದರೂ ಮಾತ್ರೆಯ ಪ್ರಮಾಣ ಏರಿಯೇ ಏರುತ್ತದೆ, ಬಾಯಿಯ ಕ್ಯಾನ್ಸರಿನ ಭಯ ಬೇರೆ. ಅಮ್ಮ ಮೊರ ತೊಡೆಯ ಮೇಲಿಟ್ಟು ಬೀಡಿ ಕಟ್ಟುವಾಗ ಹಾರುವ ಧೂಳಿಗೂ ಇದಕ್ಕೂ ಸಂಬಂಧ ಇಲ್ಲ, ಅಲ್ಲಿ ಏನೂ ಉರಿಯುವುದಿಲ್ಲವಲ್ಲ. ಗಾಂಜಾ ಮಾತ್ರ ಬೇರೆ ಮಾತು. ಅದರ ಹೊಗೆಯೂ ಇದೇ ಕಿಣ್ವವನ್ನು ಹೆಚ್ಚಿಸುತ್ತದೆ, ಜೊತೆಗೆ ಕಾಯಿಲೆಯನ್ನೂ ಕೆದಕುತ್ತದೆ.

ಎಷ್ಟು ಸೇದಿದರೆ ಪರಿಣಾಮ? ಸಿಗರೇಟಿನ ಲೆಕ್ಕದಲ್ಲಿ ದಿನಕ್ಕೆ 7ರಿಂದ 12 ಆದರೆ ಸಾಕು, ಕಿಣ್ವ ಹೆಚ್ಚುಕಡಿಮೆ ಪೂರ್ತಿ ಏರಿಬಿಡುತ್ತದೆ. ಅದರ ಮೇಲೆ 20 ಸೇದಿದರೂ ವ್ಯತ್ಯಾಸ ಅಷ್ಟಕ್ಕಷ್ಟೇ. ಹಾಗಾಗಿ 20ರಿಂದ 10ಕ್ಕೆ ಇಳಿಸಿದಾಗ ಮನೆಯವರಿಗೆ ಏನೂ ಬದಲಾವಣೆ ಕಾಣುವುದಿಲ್ಲ. "ಡಾಕ್ಟರ್ ಸುಮ್ನೆ ಹೆದರಿಸಿದ್ರು" ಅನಿಸುತ್ತದೆ. ಆ ಕೊನೆಯ ಹತ್ತನ್ನು ಬಿಟ್ಟಾಗಲೇ ಮಾತ್ರೆ ಏರುವುದು.

ನವೆಂಬರ್ ಮಧ್ಯದಿಂದ ಕರಾವಳಿಯಲ್ಲಿ ಮಾಲೆ ಹಾಕಿದವರು ಎಲ್ಲೆಲ್ಲೂ ಕಾಣುತ್ತಾರೆ, ನಮ್ಮ ಓಪಿಡಿಯಲ್ಲೂ. ವರ್ಷಪೂರ್ತಿ ಬೈದು, ಬೇಡಿ, ಹೆದರಿಸಿ ಆಗದ ಕೆಲಸವನ್ನು 41 ದಿನದ ವ್ರತ ಒಂದೇ ಬೆಳಗ್ಗೆ ಮಾಡಿಸಿಬಿಡುತ್ತದೆ. ನನಗೆ ಅದರ ಮೇಲೆ ಗೌರವವೇ ಇದೆ. ತೊಂದರೆ ಏನೆಂದರೆ ಮಾಲೆ ಹಾಕುವ ವಿಷಯ ಗುರುಸ್ವಾಮಿಗೆ ಗೊತ್ತು, ಊರಿಗೆ ಗೊತ್ತು, ಮಾತ್ರೆ ಕೊಡುವ ಡಾಕ್ಟರಿಗೆ ಗೊತ್ತಿಲ್ಲ. ನಮ್ಮದೂ ತಪ್ಪಿದೆ ಬಿಡಿ. ಫೈಲಿನಲ್ಲಿ ಮೊದಲ ದಿನ "ಧೂಮಪಾನ: ಹೌದು" ಅಂತ ಬರೆದರೆ ಎಷ್ಟೋ ವರ್ಷ ಅದನ್ನು ಯಾರೂ ಮತ್ತೆ ಕೇಳುವುದಿಲ್ಲ. ಆಸ್ಪತ್ರೆಗೆ ಅಡ್ಮಿಟ್ ಆದವರದ್ದೂ ಇದೇ ಕಥೆ, ಉಲ್ಟಾ. ವಾರ್ಡಿನಲ್ಲಿ ಸೇದಲು ಬಿಡುವುದಿಲ್ಲ, ಅಲ್ಲಿ ಒಂದು ಡೋಸ್ ಹೊಂದಿಸಿ ಕಳಿಸುತ್ತಾರೆ. ಗೇಟು ದಾಟಿದ ಕೂಡಲೇ ಎದುರಿನ ಗೂಡಂಗಡಿಯಲ್ಲಿ ಮೊದಲ ದಮ್ಮು. ತಿಂಗಳೊಳಗೆ ಮತ್ತೆ ಮಾತು ಕೇಳಿಸಲು ಶುರುವಾದರೆ "ಮಾತ್ರೆ ನುಂಗ್ತಾ ಇಲ್ಲ ನೀನು" ಅಂತ ಮನೆಯಲ್ಲಿ ಜಗಳ. ಪಾಪ, ಅವರು ನುಂಗಿರುತ್ತಾರೆ.

ಹಾಗೆಯೇ ಮನೆಯಲ್ಲಿ ನೋಡಿಕೊಳ್ಳಬೇಕಾದ ಕೆಲವು ವಿಷಯ ಇವೆ. ನಿದ್ದೆ ಓಡಿಸಲು ಅಣ್ಣನಿಗೆ ಗಟ್ಟಿ ಕಾಫಿ, ಬ್ಲ್ಯಾಕ್ ಟೀ ಕುಡಿಸುತ್ತಿದ್ದೀರಾ? ಕೆಫೀನ್ ಒಡೆಯುವುದೂ ಇದೇ ಕಿಣ್ವ. ಬೀಡಿ ಬಿಟ್ಟ ಮೇಲೆ ಹಳೆಯಷ್ಟೇ ಕಾಫಿಯೂ ದೇಹದಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ, ಎದೆ ಡವಗುಟ್ಟುತ್ತದೆ, ರಾತ್ರಿ ನಿದ್ದೆ ಕೆಡುತ್ತದೆ. ಅದರ ಮೇಲೆ ಕ್ಲೋಜಪಿನ್ನನ್ನೂ ಇನ್ನಷ್ಟು ಏರಿಸುತ್ತದೆ. ದಿನಕ್ಕೆ ಒಂದೆರಡು ಲೋಟಕ್ಕೆ ನಿಲ್ಲಿಸಿ. ಭೇದಿಗೋ ಮೂತ್ರದ ಉರಿಗೋ ಮೆಡಿಕಲಿನಿಂದ ಸಿಪ್ರೊಫ್ಲಾಕ್ಸಸಿನ್ ತಂದು ಕೊಡುವ ಅಭ್ಯಾಸ ನಮ್ಮಲ್ಲಿ ಇದೆ. ಅದು ಈ ಕಿಣ್ವವನ್ನು ಅದುಮಿ ಹಿಡಿಯುತ್ತದೆ. ಬೀಡಿ ಬಿಟ್ಟ ಮೇಲೆ ಅದೂ ಸೇರಿದರೆ ದೊಡ್ಡ ಅಪಾಯ. ಜ್ವರ ಬಂದರೂ ಮಾತ್ರೆಯ ಪ್ರಮಾಣ ಏರಬಹುದು. ಕ್ಲೋಜಪಿನ್ ತೆಗೆದುಕೊಳ್ಳುವವರಿಗೆ ಜ್ವರ, ಗಂಟಲುನೋವು ಬಂದರೆ ಬಿಳಿ ರಕ್ತಕಣದ ಎಣಿಕೆಯನ್ನೂ ನೋಡಬೇಕು. ಶಬರಿಮಲೆ ಯಾತ್ರೆಯಲ್ಲಿ ಇದ್ದರೂ ಇದರಲ್ಲಿ ವಿನಾಯಿತಿ ಇಲ್ಲ.

ಮಲೆಗೆ ಕಳಿಸಬಹುದಾ ಅಂತ ಕೇಳಿದ್ದೀರಿ. ಈಗಿನ ಸ್ಥಿತಿಯಲ್ಲಿ ಬೇಡ. ತೂರಾಡುವವನು ಪಂಪೆಯಿಂದ ಸುಮಾರು ಐದು ಕಿಲೋಮೀಟರ್ ಏರುದಾರಿ ಹತ್ತುವುದು ಹೇಗೆ? ಡೋಸ್ ಇಳಿಸಿ, ಜರ್ಕ್ ನಿಂತು, ನಡಿಗೆ ಸರಿಯಾಗಿ, ಹೊಟ್ಟೆ ಸಲೀಸಾದ ಮೇಲೆ ಡಾಕ್ಟರ್ ಹೂಂ ಅಂದರೆ ಖಂಡಿತ ಹೋಗಲಿ. ಮಂಡಲ ಮುಗಿಯುವ ಮೊದಲು ಆಗದಿದ್ದರೆ ಮಕರವಿಳಕ್ಕಿನ ಹೊತ್ತಿಗೆ ನೋಡಬಹುದು. ಹೋಗುವಾಗ ಮಾತ್ರೆಯನ್ನು ಇರುಮುಡಿಯಲ್ಲಿ ಇಡಬೇಡಿ, ನಡುದಾರಿಯಲ್ಲಿ ಅದನ್ನು ಬಿಚ್ಚುವಂತಿಲ್ಲ. ಹೆಗಲ ಚೀಲದಲ್ಲಿ ಒಂದು ಪಾಲು, ಜೊತೆಗೆ ಹೋಗುವ ನಂಬಿಕೆಯವರ ಹತ್ತಿರ ಒಂದು ಪಾಲು ಇರಲಿ. ಬೆಳಗ್ಗೆ ನಾಲ್ಕಕ್ಕೆ ಎದ್ದು ತಣ್ಣೀರು ಸ್ನಾನ ಮಾಡಬೇಕು, ರಾತ್ರಿ ಮಾತ್ರೆ ನುಂಗಿದರೆ ಎಚ್ಚರ ಆಗುವುದಿಲ್ಲ ಅಂತ ಮಾತ್ರೆಯನ್ನೇ ಬಿಡುವವರಿದ್ದಾರೆ. ಹಾಗೆ ಮಾಡುವ ಬದಲು ಸಂಜೆ ಸ್ವಲ್ಪ ಬೇಗ ನುಂಗಬಹುದಾ ಅಂತ ಡಾಕ್ಟರನ್ನು ಕೇಳಿ. ಕ್ಲೋಜಪಿನ್ 48 ಗಂಟೆಗಿಂತ ಹೆಚ್ಚು ತಪ್ಪಿದರೆ ಮತ್ತೆ ಹಳೆಯ ಡೋಸಿನಿಂದಲೇ ಶುರುಮಾಡುವಂತಿಲ್ಲ. ರಕ್ತದೊತ್ತಡ ಕುಸಿದು ಬೀಳುವ, ಫಿಟ್ಸ್ ಬರುವ ಅಪಾಯ ಇದೆ. 12.5 ಮಿ.ಗ್ರಾಂನಿಂದ ಮತ್ತೆ ಮೆಲ್ಲ ಏರಿಸಿಕೊಂಡು ಹೋಗಬೇಕಾಗುತ್ತದೆ, ಅದನ್ನು ಡಾಕ್ಟರೇ ಮಾಡಬೇಕು. ಎರಡು ದಿನದ ಬಸ್ ಪ್ರಯಾಣದಲ್ಲಿ ಮಾತ್ರೆ ಮರೆತುಹೋಗುವುದು ಎಷ್ಟು ಸುಲಭ ಅನ್ನುವುದು ನಿಮಗೇ ಗೊತ್ತು.

ಮಾಲೆ ತೆಗೆದ ಮೇಲೆ ಏನು? ಅಣ್ಣ ಮತ್ತೆ ಬೀಡಿ ಹಿಡಿದರೆ ಕಿಣ್ವ ಕೆಲವು ದಿನಗಳಲ್ಲಿ ಮತ್ತೆ ಏರುತ್ತದೆ. ಅಷ್ಟರಲ್ಲಿ ಡೋಸ್ ಇಳಿಸಿಯಾಗಿರುತ್ತದೆ. ಅಂದರೆ ರಕ್ತದಲ್ಲಿ ಮಾತ್ರೆ ಸಾಲದೇ ಹೋಗುತ್ತದೆ, ಸಂಶಯ, ಕಿವಿಯ ಮಾತು ತಿರುಗಿ ಬರುತ್ತವೆ. ಆದ್ದರಿಂದ ಮಲೆಯಿಂದ ಬಂದ ವಾರದಲ್ಲೇ ಒಂದು ಅಪಾಯಿಂಟ್‌ಮೆಂಟ್ ಈಗಲೇ ತೆಗೆದಿಡಿ. ಸೇದಿದರೆ ಸೇದಿದೆ ಅಂತ ಹೇಳುವ ಧೈರ್ಯ ಅಣ್ಣನಿಗೆ ಇರಬೇಕು, ಮನೆಯವರ ಕೆಲಸ ಅದು. ಬೈಗುಳದ ಭಯಕ್ಕೆ ಬಚ್ಚಲ ಹಿಂದೆ ಹೋಗಿ ಸೇದಿ, ಡಾಕ್ಟರ ಎದುರು "ಇಲ್ಲ ಸರ್, ಬಿಟ್ಟಿದ್ದೇನೆ" ಅಂದರೆ ಡೋಸಿನ ಲೆಕ್ಕವೆಲ್ಲ ತಪ್ಪುತ್ತದೆ. ನನ್ನ ಮಟ್ಟಿಗೆ, ಸೇದಿದ್ದನ್ನು ಹೇಳುವ ರೋಗಿಯೇ ವಾಸಿ.

ಇನ್ನು, ಈ ಕಾಯಿಲೆಯವರು ಬೀಡಿ ಬಿಡಬಾರದು ಅನ್ನುವ ಮಾತು. ಇದಕ್ಕೆ ಹಿಂದೆ ಒಂದು ಕಥೆ ಇದೆ. ಸ್ಕಿಜೋಫ್ರೇನಿಯಾ ಇರುವವರು ನಿಕೋಟಿನ್ನಿಂದ ತಾವೇ ತಮಗೆ ಔಷಧಿ ಮಾಡಿಕೊಳ್ಳುತ್ತಾರೆ ಅನ್ನುವ ವಾದ ಬಹಳ ಕಾಲ ನಡೆಯಿತು. ಅದರಲ್ಲಿ ಚೂರು ನಿಜ ಇದೆ. ನಿಕೋಟಿನ್ ಸ್ವಲ್ಪ ಹೊತ್ತು ಗಮನವನ್ನು ಚುರುಕು ಮಾಡುತ್ತದೆ, ಮಾತ್ರೆಯ ಮಂಪರು, ಕೈಕಾಲಿನ ಬಿಗಿ ಕಮ್ಮಿ ಅನಿಸುತ್ತದೆ. ಆದರೆ ತಂಬಾಕು ಕಂಪನಿಗಳ ಹಳೆಯ ಕಡತಗಳನ್ನು ತಡಕಿ 2008ರಲ್ಲಿ ಪ್ರಕಟವಾದ ಅಧ್ಯಯನವೊಂದು, ಈ ವಾದವನ್ನು ಬೆಳೆಸುವ ಸಂಶೋಧನೆಗೆ ಆ ಕಂಪನಿಗಳೇ ದುಡ್ಡು ಕೊಟ್ಟದ್ದನ್ನು ತೋರಿಸಿತು. ಪಾಶ್ಚಾತ್ಯ ದೇಶಗಳ ಮಾನಸಿಕ ಆಸ್ಪತ್ರೆಗಳಲ್ಲಂತೂ ಹಿಂದೆ ಹೇಳಿದ ಮಾತು ಕೇಳಿದ ರೋಗಿಗೆ ಸಿಗರೇಟನ್ನೇ ಬಹುಮಾನವಾಗಿ ಕೊಡುತ್ತಿದ್ದರು! ಎಲ್ಲವೂ ಮಿದುಳಿನ ಹಸಿವೇ ಆಗಿದ್ದರೆ ಎಲ್ಲ ದೇಶದಲ್ಲೂ ಒಂದೇ ಥರ ಇರಬೇಕಿತ್ತು. ಅಲ್ಲಿ ಈ ಕಾಯಿಲೆಯ ಅರ್ಧಕ್ಕಿಂತ ಹೆಚ್ಚು ಮಂದಿ ಸೇದುತ್ತಾರೆ. ಚೆನ್ನೈಯಲ್ಲಿ ಗಂಡಸು ರೋಗಿಗಳನ್ನು ನೋಡಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸೇದುವವರು ನೂರಕ್ಕೆ 38. ಕೈಯಲ್ಲಿ ಎಷ್ಟು ಕಾಸಿದೆ, ಮನೆಯವರು ಎಷ್ಟು ಬಿಡುತ್ತಾರೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಮಾಡಲು ಕೆಲಸ ಇಲ್ಲದ ಉದ್ದದ ಮಧ್ಯಾಹ್ನಗಳೂ ಕಾರಣ ಅಂತ ನಾನು ಸೇರಿಸುತ್ತೇನೆ.

ಬಿಟ್ಟ ಮೊದಲ ಎರಡು ಮೂರು ವಾರ ಸಿಡುಕು, ಚಡಪಡಿಕೆ, ನಿದ್ದೆ ಬಾರದಿರುವುದು ಇರುತ್ತದೆ. ಅದನ್ನು ಕಾಯಿಲೆ ಮರುಕಳಿಸಿತು ಅಂದುಕೊಳ್ಳುವವರು ಇದ್ದಾರೆ. ನಿಮ್ಮ ಅಣ್ಣನಿಗೆ ಇರುವುದು ಅದರ ತದ್ವಿರುದ್ಧ, ವಿಪರೀತ ನಿದ್ದೆ. ಸ್ಕಿಜೋಫ್ರೇನಿಯಾದಂಥ ತೀವ್ರ ಕಾಯಿಲೆ ಇರುವವರು ಉಳಿದವರಿಗಿಂತ 10ರಿಂದ 20 ವರ್ಷ ಮೊದಲೇ ತೀರಿಕೊಳ್ಳುತ್ತಾರೆ. ಬಹುಪಾಲು ಹೃದಯ, ಶ್ವಾಸಕೋಶದಂಥ ಕಾಯಿಲೆಗಳಿಂದ, ಅದರಲ್ಲಿ ಹೊಗೆಯ ಪಾಲು ದೊಡ್ಡದು. ಅಷ್ಟೇ ಅಲ್ಲ, ಸೇದದಿದ್ದರೆ ಕಡಿಮೆ ಮಾತ್ರೆಯಲ್ಲಿ ಅದೇ ಗುಣ ಸಿಗುತ್ತದೆ. ತಿಂಗಳ ಮಾತ್ರೆಯ ಖರ್ಚೂ ಇಳಿಯುತ್ತದೆ. ಕಷ್ಟದ ಆ ವಾರಗಳಲ್ಲಿ ಸುಮಾರು ಅರ್ಧವನ್ನು ಅಣ್ಣ ಆಗಲೇ ದಾಟಿದ್ದಾನೆ. ಹಾಗಾಗಿ ನನ್ನ ಸಲಹೆ, ಬಿಟ್ಟದ್ದು ಬಿಟ್ಟ ಹಾಗೇ ಇರಲಿ.

ಅಮ್ಮ ಬೀಡಿ ಕಟ್ಟುವುದು ನಿಲ್ಲಿಸಲಿ ಅಂತ ನಾನು ಹೇಳುವುದಿಲ್ಲ, ಅದು ಮನೆಯ ಅನ್ನ. ಆದರೆ ಕಟ್ಟಿದ ಬೀಡಿ ಅಣ್ಣನ ಕೈಗೆ ಸಿಗುವ ಹಾಗೆ ಚಾವಡಿಯಲ್ಲಿ ಇರುವುದು ಬೇಡ. ಅವತ್ತಿನದ್ದು ಅವತ್ತೇ ಲೆಕ್ಕ ಮಾಡಿ ಡಬ್ಬಿಯಲ್ಲಿ ಮುಚ್ಚಿಡಿ. ಬ್ರಾಂಚಿಗೆ ಬೀಡಿ ಕೊಂಡುಹೋಗುವ ಕೆಲಸ ಅಣ್ಣನದ್ದಾಗಿದ್ದರೆ ಕೆಲವು ತಿಂಗಳು ಬೇರೆ ಯಾರಾದರೂ ಮಾಡಲಿ.

ಆಸೆ ತಡೆಯಲಾಗದಿದ್ದರೆ 2 ಮಿ.ಗ್ರಾಂ ನಿಕೋಟಿನ್ ಗಮ್ ಮೆಡಿಕಲಿನಲ್ಲಿ ಸಿಗುತ್ತದೆ. ಚ್ಯೂಯಿಂಗ್ ಗಮ್ಮಿನ ಹಾಗೆ ಒಂದೇ ಸಮನೆ ಅಗಿಯಬಾರದು. ನಾಲ್ಕಾರು ಸಲ ಅಗಿದು, ಖಾರ ಅನಿಸಿದ ಕೂಡಲೇ ಕೆನ್ನೆಯ ಪಕ್ಕ ಇಟ್ಟುಕೊಳ್ಳಬೇಕು, ಖಾರ ಹೋದ ಮೇಲೆ ಮತ್ತೆ ಅಗಿಯಬೇಕು. ಅದಕ್ಕೆ ಕಾಲು ಗಂಟೆ ಮೊದಲು ಕಾಫಿ, ಲಿಂಬೆ ಶರಬತ್ತು ಕುಡಿದಿದ್ದರೆ ಸರಿಯಾಗಿ ಹೀರಿಕೊಳ್ಳುವುದಿಲ್ಲ. ವ್ರತದಲ್ಲಿ ಗಮ್ ಅಗಿಯಬಹುದಾ ಅನ್ನುವುದನ್ನು ಗುರುಸ್ವಾಮಿಯ ಹತ್ತಿರ ಕೇಳಿ, ಆ ಲೆಕ್ಕ ನನ್ನದಲ್ಲ. ಗಮ್ ಸಾಲದಿದ್ದರೆ ವೆರೆನಿಕ್ಲಿನ್ ಮಾತ್ರೆ ಇದೆ. ಇದು ಮನಸ್ಸು ಕೆಡಿಸುತ್ತದೆ ಎಂಬ ಭಯ ಮೊದಲು ಡಾಕ್ಟರುಗಳಿಗೂ ಇತ್ತು. 8,000ಕ್ಕೂ ಹೆಚ್ಚು ಜನರ ಮೇಲೆ ನಡೆದ ದೊಡ್ಡ ಪರೀಕ್ಷೆಯ ಫಲ 2016ರಲ್ಲಿ ಬಂತು, ಅವರಲ್ಲಿ ಸುಮಾರು ಅರ್ಧ ಮಂದಿಗೆ ಮಾನಸಿಕ ಕಾಯಿಲೆಯ ಹಿನ್ನೆಲೆ ಇತ್ತು. ಅಂಥ ತೊಂದರೆ ಗಮನಾರ್ಹವಾಗಿ ಹೆಚ್ಚಾದದ್ದು ಕಾಣಲಿಲ್ಲ. ಅಮೆರಿಕದ ಔಷಧ ನಿಯಂತ್ರಕರು ಅದೇ ವರ್ಷ ಪೆಟ್ಟಿಗೆಯ ಮೇಲಿನ ಕಟ್ಟೆಚ್ಚರಿಕೆ ತೆಗೆಸಿದರು. ಬಿಡಿಸಲು ಮಾತಿನ ಸಹಾಯ ಬೇಕಿದ್ದರೆ ತಂಬಾಕು ಕ್ವಿಟ್‌ಲೈನ್ 1800-112-356, ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್ 14416, ಎರಡೂ ಉಚಿತ.

ಬೀಡಿ ಬಿಡಿಸಲು ಬುಪ್ರೊಪಿಯಾನ್ ಅಂತ ಇನ್ನೊಂದು ಮಾತ್ರೆ ಬರೆಯುವುದುಂಟು. ಅದು ಫಿಟ್ಸ್ ಬರುವ ಸಾಧ್ಯತೆ ಹೆಚ್ಚಿಸುತ್ತದೆ, ಕ್ಲೋಜಪಿನ್ ಜೊತೆಗೆ ಬೇಡ. ಬೇರೆ ಯಾವ ಡಾಕ್ಟರ ಹತ್ತಿರ ಹೋದರೂ ಕ್ಲೋಜಪಿನ್ ಚೀಟಿಯನ್ನು ಮೊದಲು ಮೇಜಿನ ಮೇಲಿಡಿ, ಬೀಡಿ ಬಿಟ್ಟ ತಾರೀಕನ್ನು ಅದರ ಮೇಲೇ ಪೆನ್ನಿನಲ್ಲಿ ಬರೆದಿಡಿ.